ನನ್ನ ನಾಣ್ಯಸಂಗ್ರಹಕ್ಕೆ ಉಯಿಲು ಬರೆಸಿದ್ದು

ನಮ್ಮ ಕಡೆಯ ಹಿರಿಯ ಸಂಗ್ರಾಹಕರೊಬ್ಬರು ತೀರಿಕೊಂಡ ಮೇಲೆ ಅವರ ನಾಣ್ಯಗಳಿಗೆ ಏನು ಗತಿಯಾಯಿತು ಎಂಬುದು ನಮ್ಮ ಬಳಗದಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ‘ಹಣ’ ಎಂದು ಕರೆಯುವ ಚಿನ್ನದ ಪುಟ್ಟ ನಾಣ್ಯಗಳು ಅಕ್ಕಸಾಲಿಗರ ತಕ್ಕಡಿಗೆ ಹೋದವು. ತಾಮ್ರದ ಕಾಸುಗಳನ್ನು ಹುಣಸೆಹುಳಿ ಹಚ್ಚಿ ತಿಕ್ಕಿ, ಫಳಫಳ ಹೊಳೆಯುವಂತೆ ಮಾಡಿ, ನೆನಪಿಗಿರಲಿ ಎಂದು ನೆಂಟರಿಷ್ಟರಿಗೆ ಹಂಚಿದರು. ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿದ್ದ ಕಾಲದ ಲಕೋಟೆಗಳಿಂದ ಅಂಚೆಚೀಟಿಗಳನ್ನು ಮಾತ್ರ ಬಿಡಿಸಿಕೊಂಡು, ಊರಿನ ಮುದ್ರೆ ಬಿದ್ದಿದ್ದ ಲಕೋಟೆಗಳನ್ನೆಲ್ಲ ಗುಜರಿಗೆ ಹಾಕಿದರು. ಆ ಮನೆಯವರು ದುರಾಸೆಯವರಲ್ಲ, ಅಸಡ್ಡೆಯವರೂ ಅಲ್ಲ. ಯಾವುದು ಏನು, ಯಾರನ್ನು ಕೇಳಬೇಕು, ಯಾವುದಕ್ಕೆ ಕೈ ಹಚ್ಚಬಾರದು ಎಂದು ಅವರಿಗೆ ಹೇಳಿಟ್ಟವರೇ ಇರಲಿಲ್ಲ. ಎಪ್ಪತ್ತು ದಾಟಿದ ನಾನು ನನ್ನ ಸಂಗ್ರಹದ ಬಗ್ಗೆ ಉಯಿಲು ಬರೆಸಲು ಹೊರಟದ್ದು ಇದನ್ನೆಲ್ಲ ನೋಡಿದ್ದರಿಂದ.

ಬ್ಯಾಂಕಿನಲ್ಲಿ ದುಡಿದು ನಿವೃತ್ತನಾಗಿ ಉಡುಪಿಯಲ್ಲಿ ನೆಲೆಸಿರುವ ನನ್ನ ಸಂಗ್ರಹ ಬೆಲೆಯಲ್ಲಿ ದೊಡ್ಡದೇನಲ್ಲ, ಆದರೆ ಊರಿನದ್ದು. ಬಾರಕೂರಿನಿಂದ ಆಳಿದ ಆಳುಪರ ಜೋಡಿಮೀನಿನ ನಾಣ್ಯ, ವಿಜಯನಗರದ ಅರಸರ ವರಾಹ ಮತ್ತು ಅರ್ಧ ವರಾಹಗಳು, ಇಕ್ಕೇರಿ ವರಾಹ, ಟಿಪ್ಪುವಿನ ಆನೆಯ ಪೈಸೆಗಳು ಒಂದು ಕಡೆ. ಮಂಗಳೂರಿನ ಮುದ್ರೆಯಿರುವ ಹಳೆಯ ಲಕೋಟೆಗಳು ಇನ್ನೊಂದು ಕಡೆ. 1841ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಶನ್ ಮುದ್ರಣಾಲಯದ ಪುಸ್ತಕಗಳು, ಅವುಗಳಲ್ಲಿ 1894ರ ಕಿಟ್ಟೆಲ್ ನಿಘಂಟಿನ ಒಂದು ಪ್ರತಿ, ಮತ್ತೊಂದು ಕಡೆ. ಇವಕ್ಕೆ ಬೇರೆ ಬೇರೆ ಗಿರಾಕಿಗಳು, ಬೇರೆ ಬೇರೆ ಕಾನೂನುಗಳು, ಕೆಡುವ ರೀತಿಯೂ ಬೇರೆ ಬೇರೆ. ‘ನನ್ನ ಸಂಗ್ರಹವೆಲ್ಲ ಮಕ್ಕಳಿಗೆ ಸಮಪಾಲು’ ಎಂದು ಒಂದು ಸಾಲು ಬರೆದರೆ ಮುಗಿಯುವ ವ್ಯವಹಾರ ಇದಲ್ಲವೆಂಬುದು ಆರಂಭದಲ್ಲೇ ಸ್ಪಷ್ಟವಾಗಿತ್ತು.

ವಕೀಲರು ಮೊದಲು ಕೇಳಿದ್ದು, ಮನೆಯಲ್ಲಿರುವ ಹಳೆಯ ವಸ್ತುಗಳಲ್ಲಿ ನಿಮ್ಮದು ಯಾವುದು, ಕುಟುಂಬದ್ದು ಯಾವುದು ಎಂದು. ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ನಮ್ಮಂಥ ಅಳಿಯಸಂತಾನದ ಮನೆತನಗಳಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಅಳಿಯಸಂತಾನ ಕುಟುಂಬದ ಆಸ್ತಿಯಲ್ಲಿರುವ ತನ್ನ ಹಕ್ಕನ್ನೂ ಒಬ್ಬನು ಉಯಿಲಿನ ಮೂಲಕ ಕೊಡಬಹುದೆಂದು ಕಾನೂನು ಹೇಳುತ್ತದೆ, ನಿಜ. ಆದರೆ ಯಜಮಾನಿಕೆಯ ಕಾರಣಕ್ಕೆ ನನ್ನ ಸುಪರ್ದಿಯಲ್ಲಿರುವ ದೈವದ ಮೊಗ (ಮುಖವಾಡ), ಖಡ್ಸಲೆ (ಕತ್ತಿ) ಮತ್ತು ಬೆಳ್ಳಿಯ ಆಭರಣಗಳು ನನ್ನ ಸಂಗ್ರಹದ ಪಕ್ಕದ ಕೋಣೆಯಲ್ಲಿದ್ದ ಮಾತ್ರಕ್ಕೆ ನನ್ನವಾಗುವುದಿಲ್ಲ. ನಾಳೆ ಪಟ್ಟಿ ಮಾಡಲು ಬರುವವರು ಎರಡನ್ನೂ ಒಂದೇ ರಾಶಿಗೆ ಸೇರಿಸದಂತೆ, ಇಂತಿಂಥ ವಸ್ತುಗಳು ಕುಟುಂಬದ ಚಾವಡಿಗೆ ಸೇರಿದವು, ಅವುಗಳ ಮೇಲೆ ನನಗೆ ಸ್ವಂತ ಹಕ್ಕಿಲ್ಲ ಎಂದು ಉಯಿಲಿನಲ್ಲೇ ಬರೆಸಿದೆ. ಗೋಡೆಯ ಮೇಲಿನ ಕಡವೆಯ ಕೊಂಬನ್ನು ಕಂಡ ವಕೀಲರು ಅದರ ಮಾಲೀಕತ್ವದ ಪ್ರಮಾಣಪತ್ರ ಎಲ್ಲಿದೆ ಎಂದು ವಿಚಾರಿಸಿದರು. ವನ್ಯಜೀವಿ ಕಾಯಿದೆಯ ಪ್ರಕಾರ ಅಂಥ ವಸ್ತು ವಾರಸುದಾರಿಕೆಯಿಂದ ಬಂದರೂ, ಪಡೆದವರು 90 ದಿನಗಳೊಳಗೆ ಅರಣ್ಯ ಇಲಾಖೆಗೆ ತಿಳಿಸಬೇಕು. ಅಜ್ಜನ ಕಾಲದ ಕೊಂಬಿನ ಕಾಗದ ಅದೃಷ್ಟಕ್ಕೆ ಕಡತದಲ್ಲಿ ಭದ್ರವಾಗಿತ್ತು. ನಮ್ಮ ಹಳೆಯ ಮನೆಗಳಲ್ಲಿ ಕೊಂಬು ಎಲ್ಲ ಕಡೆ ಇರುತ್ತದೆ, ಕಾಗದ ಇರುವುದು ಕಡಿಮೆ.

ನಿರ್ವಾಹಕರ ಆಯ್ಕೆಗೆ ಹೆಚ್ಚು ಸಮಯ ಹಿಡಿಯಿತು. ಉಯಿಲಿನಲ್ಲಿ ಹೆಸರಿಸಿದ ಎಕ್ಸಿಕ್ಯೂಟರ್ ಬರೀ ಹಂಚುವ ಕೆಲಸದವನಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಮೃತನ ಆಸ್ತಿ ಆತನ ಕೈಗೆ ನ್ಯಾಸದಂತೆ ಬರುತ್ತದೆ. ಸಾಲವಿದ್ದರೆ ತೀರಿಸಿ, ಬರಬೇಕಾದದ್ದನ್ನು ವಸೂಲು ಮಾಡಿ, ಮಾರಬೇಕಾದದ್ದನ್ನು ಮಾರಿ, ಆಮೇಲೆ ಪಾಲು ಕೊಡುವವನು ಆತ. ನನ್ನ ಬಳಗದವರಲ್ಲಿ ಬಹುತೇಕ ಎಲ್ಲರೂ, ಸಂಗ್ರಾಹಕನಾದ ಸ್ನೇಹಿತನನ್ನೇ ಈ ಸ್ಥಾನಕ್ಕೆ ಹೆಸರಿಸಬೇಕೆಂದು ಹೇಳುತ್ತಾರೆ. ನಾಣ್ಯ ಬಲ್ಲವನಿಗೆ ಬೆಲೆ ಗೊತ್ತು, ಅವನು ಮೋಸಹೋಗುವುದಿಲ್ಲ ಎಂಬುದು ಅವರ ವಾದ. ನನಗೆ ಇದು ಒಪ್ಪಿಗೆಯಾಗಲಿಲ್ಲ. ನಾಣ್ಯ ಬಲ್ಲ ಸ್ನೇಹಿತನಿಗೆ ನನ್ನ ಜೋಡಿಮೀನಿನ ಗದ್ಯಾಣದ, ಎಂದರೆ ಆಳುಪರ ಆ ಚಿನ್ನದ ನಾಣ್ಯದ, ಮೇಲೆ ಇಪ್ಪತ್ತು ವರ್ಷಗಳಿಂದ ಕಣ್ಣಿರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಅವನ ನಾಣ್ಯಗಳ ಮೇಲೆ ನನಗೂ ಇದೆ. ಆದರೆ ಮಾರುವ ಅಧಿಕಾರ ಮತ್ತು ಕೊಳ್ಳುವ ಆಸೆ ಒಬ್ಬನಲ್ಲೇ ಇರಬಾರದು. ನಿರ್ವಾಹಕನೇ ನೇರವಾಗಿ ಅಥವಾ ಬೇನಾಮಿಯಾಗಿ ಮೃತನ ಸ್ವತ್ತನ್ನು ಕೊಂಡರೆ, ಹಕ್ಕುಳ್ಳ ಬೇರೆಯವರ ಕೋರಿಕೆಯ ಮೇಲೆ ಆ ಮಾರಾಟ ರದ್ದಾಗಬಹುದು ಎಂದು ಕಾಯಿದೆಯಲ್ಲೂ ಇದೆ. ಮೇಲಾಗಿ ನನ್ನ ಸಂಗ್ರಾಹಕ ಸ್ನೇಹಿತರೆಲ್ಲ ನನ್ನ ವಯಸ್ಸಿನವರೇ. ನನಗಿಂತ ಮೊದಲು ಹೋಗಬಹುದಾದವನನ್ನು ನಿರ್ವಾಹಕನನ್ನಾಗಿ ಮಾಡಿ ಪ್ರಯೋಜನವಿಲ್ಲ.

ಹೆಂಡತಿಯನ್ನು ಕೇಳಿದಾಗ ಅವಳು ಒಂದೇ ಮಾತಿನಲ್ಲಿ, “ಮನೆಯ ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ, ನಿಮ್ಮ ಈ ಡಬ್ಬಿಗಳನ್ನು ಮಾತ್ರ ನನ್ನ ಕೊರಳಿಗೆ ಕಟ್ಟಬೇಡಿ” ಎಂದಳು. ಮಗ ದುಬೈಯಲ್ಲಿದ್ದಾನೆ, ಬ್ಯಾಂಕು, ನೋಂದಣಿ ಕಚೇರಿ, ಹರಾಜಿನವರು ಎಂದು ಓಡಾಡಬೇಕಾದ ಕೆಲಸವನ್ನು ರಜೆಯಲ್ಲಿ ಬಂದು ಮುಗಿಸಲಾಗದು. ಬೆಂಗಳೂರಿನ ಮಗಳಿಗೆ ಶ್ರದ್ಧೆಯಿದೆ, ಆದರೆ ಅವಳು ನಿರ್ವಾಹಕಿಯಾದರೆ ಅಣ್ಣತಂಗಿಯರ ನಡುವೆ ಇಲ್ಲದ ಅನುಮಾನಕ್ಕೆ ನಾನೇ ದಾರಿ ಮಾಡಿಕೊಟ್ಟಂತಾಗುತ್ತದೆ ಎಂದು ನನಗೆ ತೋರಿತು. ಪಾಲು ಪಡೆಯುವವರು ನಿರ್ವಾಹಕರಾಗಬಾರದೆಂದು ಕಾನೂನಿನಲ್ಲಿ ಇಲ್ಲ. ಬೇಡವೆಂದದ್ದು ನನ್ನ ವಿವೇಚನೆ. ಬ್ಯಾಂಕುಗಳ ಟ್ರಸ್ಟೀ ಕಂಪನಿಗಳೂ ಈ ಕೆಲಸ ವಹಿಸಿಕೊಳ್ಳುತ್ತವೆ. ಆದರೆ ಹಳೆಯ ಬ್ಯಾಂಕಿನವನಾದ ನಾನೇ ಹೇಳಬೇಕಾದ್ದೆಂದರೆ, ಷೇರು, ಠೇವಣಿ, ಕಟ್ಟಡಗಳಿರುವವರಿಗೆ ಅದು ಸರಿ. ಅಡಿಕೆಯಷ್ಟೂ ಅಗಲವಿಲ್ಲದ ನಾಣ್ಯಗಳನ್ನು ಒಂದೊಂದಾಗಿ ತೆಗೆದು ಎಣಿಸುವ ವ್ಯವಧಾನ ಅಲ್ಲಿ ದುಬಾರಿ.

ಕೊನೆಗೆ ನಾನು ಕೇಳಿದ್ದು ತಂಗಿಯ ಮಗಳನ್ನು. ಅವಳು ಮಂಗಳೂರಿನಲ್ಲಿ ಒಂದು ಸಹಕಾರಿ ಸಂಘದ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ, ನಲವತ್ತರ ಆಸುಪಾಸಿನವಳು. ಉಯಿಲಿನಿಂದ ಅವಳಿಗೆ ದೊಡ್ಡ ಪಾಲಿಲ್ಲ, ನನ್ನ ಮಕ್ಕಳಿಬ್ಬರೂ ಅವಳ ಮಾತಿಗೆ ಬೆಲೆ ಕೊಡುತ್ತಾರೆ, ಮತ್ತು ರಸೀದಿಯಿಲ್ಲದೆ ಒಂದು ರೂಪಾಯಿ ಕೈಬಿಡುವವಳಲ್ಲ. “ಮಾವ, ನನಗೆ ಗದ್ಯಾಣ ಯಾವುದು, ಹಣ ಯಾವುದು ಎಂದೇ ಗೊತ್ತಿಲ್ಲ. ಯಾರಾದರೂ ತಲೆ ಸವರಿದರೆ ಏನು ಮಾಡಲಿ?” ಎಂದು ಹಿಂಜರಿದಳು. ಅವಳ ಹಿಂಜರಿಕೆಯಿಂದಲೇ ನನ್ನ ಯೋಜನೆಗೆ ಒಂದು ರೂಪ ಬಂತು. ಅಧಿಕಾರ ಅವಳದು, ತಿಳಿವಳಿಕೆಯನ್ನು ಒದಗಿಸುವುದು ಸಂಗ್ರಹದ ವಿವರ ಬರೆದಿಡುವ ನನ್ನ ಲೆಡ್ಜರಿನ ಕೆಲಸ, ಅನುಮಾನ ಬಂದಲ್ಲಿ ಕೇಳಲು ಮಂಗಳೂರಿನ ಒಬ್ಬ ಸಂಗ್ರಾಹಕ ಮಿತ್ರರು ಮತ್ತು ಅವರಿಗಿಂತ ಕಿರಿಯರಾದ ಇತಿಹಾಸದ ಉಪನ್ಯಾಸಕರೊಬ್ಬರು ಸಲಹೆಗಾರರಾಗಿ ಇರುತ್ತಾರೆ. ಸಲಹೆಗಾರರಿಗೆ ಸಹಿಯ ಅಧಿಕಾರವಿಲ್ಲ, ಬಹಿರಂಗ ಹರಾಜಿನಲ್ಲಿ ಹೊರತು ಅವರು ಕೊಳ್ಳುವಂತಿಲ್ಲ. ಅವಳಿಗೆ ಒಂದು ಗೌರವಧನ, ಓಡಾಟದ ಮತ್ತು ಮೌಲ್ಯಮಾಪನದ ಖರ್ಚು ಮೊದಲು ಸಂಗ್ರಹದ ಹಣದಿಂದಲೇ ಸಲ್ಲಬೇಕೆಂದು ಬರೆಸಿದೆ. ಬಂಧುಗಳ ನಡುವೆ ಈ ವಿಷಯ ಎತ್ತಲು ಸಂಕೋಚವಾಗುತ್ತದೆ, ಆದರೆ ಕೈಯಿಂದ ಖರ್ಚು ಮಾಡಿಕೊಂಡು ಯಾರೂ ಎರಡು ವರ್ಷ ಓಡಾಡುವುದಿಲ್ಲ. ಹೆಸರಿಸಲ್ಪಟ್ಟವರು ಹೊಣೆಯನ್ನು ನಿರಾಕರಿಸಲು ಸ್ವತಂತ್ರರಾದ್ದರಿಂದ, ಅವಳಿಗೆ ಆಗದಿದ್ದರೆ ಎಂದು ನನ್ನ ಅಳಿಯನನ್ನು, ಎಂದರೆ ಮಗಳ ಗಂಡನನ್ನು, ಬದಲಿ ನಿರ್ವಾಹಕನಾಗಿ ಹೆಸರಿಸಿದ್ದೇನೆ.

ಉಯಿಲಿನ ಕರಡು ತಯಾರಾಗುವಾಗ ಸಂಗ್ರಾಹಕರಿಗೆ ಮಾತ್ರ ಎದುರಾಗುವ ಒಂದು ತೊಡಕು ಕಾಣಿಸಿಕೊಂಡಿತು. ‘ಅಚ್ಯುತರಾಯನ ಗಂಡಭೇರುಂಡದ ಅರ್ಧ ವರಾಹ ಮಗಳಿಗೆ’ ಎಂದು ನಿರ್ದಿಷ್ಟವಾಗಿ ಬರೆದು, ಆಮೇಲೆ ನಾನು ಅದನ್ನು ಮಾರಿಯೋ ಬದಲಾಯಿಸಿಯೋ ಇನ್ನೂ ಚೆನ್ನಾದದ್ದನ್ನು ಕೊಂಡರೆ, ನಾನು ಸಾಯುವಾಗ ಮೊದಲಿನ ನಾಣ್ಯ ನನ್ನ ಬಳಿ ಇಲ್ಲವಾದ್ದರಿಂದ ಆ ದಾನವೇ ಬಿದ್ದುಹೋಗುತ್ತದೆ. ಹೊಸ ನಾಣ್ಯ ತಾನಾಗಿ ಅದರ ಜಾಗಕ್ಕೆ ಬರುವುದಿಲ್ಲ. ಸಂಗ್ರಾಹಕ ಬದುಕಿರುವಷ್ಟು ದಿನವೂ ಸಂಗ್ರಹ ಬದಲಾಗುತ್ತಲೇ ಇರುತ್ತದೆ. ಹಾಗಾದರೆ ‘ನನ್ನ ಲೆಡ್ಜರಿನಲ್ಲಿ ಬರೆದಂತೆ ಹಂಚಬೇಕು’ ಎಂದು ಬರೆಯೋಣವೆಂದರೆ, ಅದಕ್ಕೂ ಮಿತಿಯಿದೆ: ಉಯಿಲು ಬರೆಯುವ ಹೊತ್ತಿಗೆ ಆಗಲೇ ಬರೆದಿರುವ ಕಾಗದವನ್ನು ಉಲ್ಲೇಖಿಸಿದರೆ ಮಾತ್ರ ಅದು ಉಯಿಲಿನ ಭಾಗವಾಗುತ್ತದೆ. ಮುಂದಿನ ವರ್ಷ ನಾನು ಲೆಡ್ಜರಿನಲ್ಲಿ ಸೇರಿಸುವ ಸಾಲಿಗೆ ಸಾಕ್ಷಿಗಳ ಸಹಿಯಿಲ್ಲ, ಆದ್ದರಿಂದ ಉಯಿಲಿನ ಬಲವೂ ಇಲ್ಲ. ಈ ಎರಡನ್ನೂ ತಿಳಿದ ಮೇಲೆ, ಬಗೆಗಳ ಲೆಕ್ಕದಲ್ಲಿ ಬರೆಯುವುದೇ ಸರಿಯೆಂದು ನಿರ್ಧರಿಸಿದೆವು. ‘ನನ್ನ ಮರಣಕಾಲಕ್ಕೆ ನನ್ನಲ್ಲಿರುವ ವಿಜಯನಗರ ಮತ್ತು ಇಕ್ಕೇರಿಯ ಚಿನ್ನದ ನಾಣ್ಯಗಳೆಲ್ಲ’ ಎಂಬಂಥ ಮಾತು ಎಷ್ಟು ಕೊಂಡರೂ ಎಷ್ಟು ಮಾರಿದರೂ ನಿಲ್ಲುತ್ತದೆ. ಲೆಡ್ಜರು ಗುರುತಿಸಲು ಮಾತ್ರ, ಕೊಡಲು ಅಲ್ಲ.

ಆ ಲೆಡ್ಜರಿನ ಬಗ್ಗೆ ಸ್ವಲ್ಪ ಹೇಳಬೇಕು. ಅದನ್ನು ಸಂಗ್ರಾಹಕನಿಗಾಗಿ ಅಲ್ಲ, ತಂಗಿಯ ಮಗಳಿಗಾಗಿ ಬರೆಯತೊಡಗಿದಾಗ ಬರವಣಿಗೆಯೇ ಬದಲಾಯಿತು. ಮೊದಲು ‘ಅಚ್ಯುತ, ಅರ್ಧ, ಉತ್ತಮ’ ಎಂದಿದ್ದದ್ದು ಈಗ ಹೀಗಿದೆ: ‘ಕಪ್ಪು ಟ್ರೇ, ಎರಡನೆಯ ಸಾಲು, ಎಡದಿಂದ ಮೂರನೆಯದು. ಚಿನ್ನ, 1.68 ಗ್ರಾಂ. ಒಂದು ಬದಿಯಲ್ಲಿ ಎರಡು ತಲೆಯ ಹಕ್ಕಿ ಆನೆಗಳನ್ನು ಹಿಡಿದಿದೆ, ಇನ್ನೊಂದು ಬದಿಯಲ್ಲಿ ಮೂರು ಸಾಲು ನಾಗರಿ ಬರಹವಿದೆ. ಕೊಂಡ ರಸೀದಿ ನೀಲಿ ಕಡತದಲ್ಲಿದೆ. ಚಿನ್ನದ ತೂಕಕ್ಕೆ ಎಂದಿಗೂ ಕೊಡಬೇಡ.’ ರಸೀದಿಗೆ ಇನ್ನೊಂದು ಉಪಯೋಗವೂ ಇದೆ. ನಮ್ಮ ದೇಶದಲ್ಲಿ ಸತ್ತವರ ಆಸ್ತಿಯ ಮೇಲಿನ ಎಸ್ಟೇಟ್ ಸುಂಕ 1985ರಲ್ಲೇ ರದ್ದಾಗಿರುವುದರಿಂದ ಉಯಿಲಿನಿಂದ ಪಡೆದದ್ದಕ್ಕೆ ತೆರಿಗೆಯಿಲ್ಲ. ಆದರೆ ಪಡೆದವರು ಮುಂದೆ ಮಾರಿ ಬಂಡವಾಳ ಲಾಭದ ತೆರಿಗೆ ಲೆಕ್ಕ ಹಾಕುವಾಗ ನಾನು ಕೊಂಡ ಬೆಲೆಯೇ ಅವರ ಕೊಂಡ ಬೆಲೆಯಾಗುತ್ತದೆ. ಖೊಟ್ಟಿ ನಾಣ್ಯಗಳನ್ನು ಬೇರೆ ಡಬ್ಬಿಯಲ್ಲಿ ಹಾಕಿ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇನೆ. ಎಲ್ಲ ಸಂಗ್ರಾಹಕರ ಬಳಿಯೂ ಇವು ಇರುತ್ತವೆ, ಆದರೆ ವಾರಸುದಾರರಿಗೆ ಅವು ಅಸಲಿಗಿಂತ ಹೊಸದಾಗಿ ಕಾಣುವುದರಿಂದ ಹೆಚ್ಚಿನ ಬೆಲೆಯವೆಂದು ಅನಿಸುತ್ತದೆ.

ಲೆಡ್ಜರಿನ ಮೊದಲ ಪುಟದಲ್ಲಿ ಕೈಹಚ್ಚಬಾರದ ಕೆಲಸಗಳಿವೆ. ತೊಳೆಯಬಾರದು, ಉಜ್ಜಬಾರದು, ಹುಣಸೆಹುಳಿಯನ್ನೂ ನಿಂಬೆಯನ್ನೂ ಹತ್ತಿರ ಸುಳಿಸಬಾರದು. ತಾಮ್ರದ ಮೇಲಿನ ಕಂದು ಹೊದಿಕೆ ಕೊಳೆಯಲ್ಲ. ಅದು ಹೋದರೆ ನಾಣ್ಯದ ಬೆಲೆಯೂ ಹೋಯಿತು. ಮೆತ್ತನೆಯ ಪಿವಿಸಿ ಚೀಲಗಳು ನಮ್ಮ ಕರಾವಳಿಯ ಶೆಕೆಯಲ್ಲಿ ಬೆವರಿ, ಒಳಗಿನ ತಾಮ್ರಕ್ಕೆ ಜಿಗುಟಾದ ಹಸಿರು ಹಿಡಿಸುತ್ತವೆ. ಅಂಥವು ಕಂಡರೆ ಬದಲಾಯಿಸಬೇಕು. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ನೋಡುವವರಿಲ್ಲದೆ ನಾಲ್ಕು ತಿಂಗಳು ಕಳೆದರೆ ಅಂಚೆಚೀಟಿಯ ಆಲ್ಬಮ್ಮು ಒಂದೇ ಮುದ್ದೆಯಾಗುತ್ತದೆ. ಆದ್ದರಿಂದ ಮರಣವಾದ ಕೂಡಲೇ ಮಾಡಬೇಕಾದದ್ದು ಮಾರಾಟವಲ್ಲ, ಒಣಗಿಡುವುದು. ಮಾರಾಟಕ್ಕೆ ಆತುರವಿಲ್ಲವೆಂದು ಕಾನೂನೂ ಅವಳ ಪರವಾಗಿದೆ: ಮರಣದಿಂದ ಒಂದು ವರ್ಷ ಕಳೆಯುವ ತನಕ ಪಾಲು ಕೊಡಲೇಬೇಕೆಂದು ನಿರ್ವಾಹಕರನ್ನು ಯಾರೂ ಒತ್ತಾಯಿಸುವಂತಿಲ್ಲ.

ಮಗನ ಪಾಲಿನ ಬಗ್ಗೆ ಯೋಚಿಸುವಾಗ 1972ರ ಪುರಾತನ ವಸ್ತುಗಳ ಕಾಯಿದೆ ಅಡ್ಡ ಬಂತು. ನೂರು ವರ್ಷ ದಾಟಿದ ನಾಣ್ಯವೂ ಅದರ ಪ್ರಕಾರ ಪುರಾತನ ವಸ್ತು. ಚಾರಿತ್ರಿಕ ಅಥವಾ ಸಾಹಿತ್ಯಿಕ ಮೌಲ್ಯವಿರುವ ಹಸ್ತಪ್ರತಿಗಾದರೆ 75 ವರ್ಷ ಸಾಕು. ಇವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಟಿಪ್ಪುವಿನ ಪೈಸೆಯೊಂದನ್ನು ನೆನಪಿಗೆಂದು ಕಿಸೆಯಲ್ಲಿ ಹಾಕಿಕೊಂಡು ಬಜಪೆಯಲ್ಲಿ ವಿಮಾನ ಹತ್ತಿದರೂ ಅದು ಅಪರಾಧವೇ. ಆದ್ದರಿಂದ ಅವನ ಪಾಲಿಗೆ ಸ್ವಾತಂತ್ರ್ಯಾನಂತರದ ಅಂಚೆಚೀಟಿಗಳು ಮತ್ತು ಮಾರಾಟದಿಂದ ಬಂದ ಹಣ ಎಂದು ಬರೆಸಿದೆ. ಪುರಾತನ ವಸ್ತುಗಳನ್ನು ವ್ಯಾಪಾರವಾಗಿ ಮಾರುವವರಿಗೆ ಪರವಾನಗಿ ಬೇಕಾದ್ದರಿಂದ, ಮಾರಾಟ ಪರವಾನಗಿಯುಳ್ಳ ಹರಾಜು ಸಂಸ್ಥೆಯ ಮೂಲಕವೇ ಆಗಬೇಕೆಂದೂ ಸೇರಿಸಿದೆ. ನನ್ನಲ್ಲಿರುವ ಒಂದು ಕಂಚಿನ ವಿಗ್ರಹ ಈ ಕಾಯಿದೆಯಡಿ ನೋಂದಾಯಿತವಾದದ್ದು. ಅದು ಕೈ ಬದಲಾದಾಗ ನೋಂದಣಾಧಿಕಾರಿಗೆ ತಿಳಿಸಬೇಕೆಂದು ಪ್ರಮಾಣಪತ್ರದ ಜೊತೆಗೇ ಚೀಟಿ ಅಂಟಿಸಿದ್ದೇನೆ.

ಬಾಸೆಲ್ ಮಿಶನ್ ಪುಸ್ತಕಗಳನ್ನು ಮಾತ್ರ ಹಂಚುವ ಮನಸ್ಸಾಗಲಿಲ್ಲ. ನಮ್ಮಲ್ಲಿ ಇದಕ್ಕೆ ಒಳ್ಳೆಯ ಮಾದರಿಗಳಿವೆ: ಗೋವಿಂದ ಪೈಗಳ ಗ್ರಂಥಭಂಡಾರ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿದೆ, ಮಂಗಳೂರಿನ ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯ ಮಗನೊಬ್ಬ ತಾಯಿಯ ನೆನಪಿಗೆ ಕೊಟ್ಟ ಮನೆಯಲ್ಲಿದೆ, ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನಲ್ಲಿ ಮಿಶನ್ನಿನ ಹಳೆಯ ದಾಖಲೆಗಳ ಭಂಡಾರವೇ ಇದೆ. ಆದರೆ ಕೇಳದೆ ಉಯಿಲಿನಲ್ಲಿ ಬರೆದುಬಿಟ್ಟರೆ ಸಂಸ್ಥೆ ಒಪ್ಪಲೇಬೇಕೆಂದಿಲ್ಲ. ನಾನು ಮಾತಾಡಿಸಿದ ಗ್ರಂಥಪಾಲಕರೊಬ್ಬರು ನೇರವಾಗಿಯೇ ಹೇಳಿದರು: ಈಗಾಗಲೇ ಇರುವ ಪುಸ್ತಕದ ಎರಡನೆಯ ಪ್ರತಿಗೆ ಜಾಗವಿಲ್ಲ, ಗೆದ್ದಲು ತಿಂದದ್ದನ್ನು ಒಳಗೆ ಸೇರಿಸುವಂತಿಲ್ಲ, ‘ದಾನಿಯ ಹೆಸರಿನ ಪ್ರತ್ಯೇಕ ಕಪಾಟು, ಎಂದೂ ಬೇರ್ಪಡಿಸಬಾರದು’ ಎಂಬ ಷರತ್ತಿದ್ದರೆ ಅದು ಬೇಡವೇ ಬೇಡ. ಕೇಳಿದಾಗ ಸ್ವಲ್ಪ ಚುಚ್ಚಿತಾದರೂ ಮಾತು ಸರಿಯಾಗಿತ್ತು. ಅವರಲ್ಲಿ ಇಲ್ಲದ ಪುಸ್ತಕಗಳನ್ನು ಆರಿಸಿ, ಷರತ್ತಿಲ್ಲದೆ, ಈಗಲೇ ಕೊಟ್ಟುಬಿಟ್ಟೆ. ಬದುಕಿರುವಾಗಲೇ ಕೊಟ್ಟದ್ದಕ್ಕೆ ನಿರ್ವಾಹಕಿಯ ಅಗತ್ಯವಿಲ್ಲ, ಮತ್ತು ವಿದ್ಯಾರ್ಥಿಯೊಬ್ಬಳು ಅದರ ಮೇಲೆ ಟಿಪ್ಪಣಿ ಮಾಡಿಕೊಳ್ಳುವುದನ್ನು ನಾನೇ ನೋಡಬಹುದು. ನಿಘಂಟು ಮಾತ್ರ ಇನ್ನೂ ನನ್ನ ಮೇಜಿನ ಮೇಲಿದೆ, ದಿನಾ ಬೇಕಾಗುತ್ತದೆ.

ಉಳಿದ ವಿಧಿಗಳು ಸರಳ. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಬೇಕಾದದ್ದು ನನ್ನ ಸಹಿ, ಮತ್ತು ನಾನು ಸಹಿ ಹಾಕಿದ್ದನ್ನು ಕಂಡು ನನ್ನೆದುರೇ ಸಹಿ ಹಾಕುವ ಇಬ್ಬರು ಸಾಕ್ಷಿಗಳು. ಪಾಲಿಲ್ಲದ, ನನಗಿಂತ ಕಿರಿಯರಾದ ಇಬ್ಬರು ನೆರೆಯವರನ್ನು ಕೇಳಿಕೊಂಡೆ. ಅವರಲ್ಲೊಬ್ಬರು ವೈದ್ಯರಾದ್ದರಿಂದ ನನ್ನ ಬುದ್ಧಿ ನೆಟ್ಟಗಿತ್ತೆಂಬುದಕ್ಕೂ ಸಾಕ್ಷಿಯಾಯಿತು. ಆದರೂ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಮಯ ಗೊತ್ತುಮಾಡಿಕೊಂಡು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಿದೆ. ನೋಂದಾಯಿತ ಉಯಿಲಿನ ನಕಲನ್ನು ಬರೆದವನು ಬದುಕಿರುವ ತನಕ ಬೇರೆ ಯಾರೂ ಪಡೆಯಲಾಗದು. ನಾಣ್ಯಗಳ ಸುದ್ದಿ ಊರಿಗೆ ಹಬ್ಬಬಾರದೆಂದು ಬಯಸುವವರಿಗೆ ಇದು ಅನುಕೂಲ. ನಮ್ಮ ಜಿಲ್ಲೆಗಳ ಆಸ್ತಿಯ ಬಗ್ಗೆ ಹಿಂದೂ ಒಬ್ಬನು ಬರೆದ ಉಯಿಲಿಗೆ ಪ್ರೊಬೇಟ್, ಎಂದರೆ ಉಯಿಲು ಅಸಲಿಯೆಂದು ನ್ಯಾಯಾಲಯ ಕೊಡುವ ದೃಢೀಕರಣ, ಕಡ್ಡಾಯವಿಲ್ಲವಾದರೂ, ತಕರಾರು ಎದ್ದರೆ ಅದನ್ನು ಪಡೆಯುವ ಅಧಿಕಾರವನ್ನೂ ಖರ್ಚನ್ನೂ ನಿರ್ವಾಹಕಿಗೆ ಕೊಟ್ಟಿದ್ದೇನೆ.

ಲಾಕರಿನ ವಿಷಯದಲ್ಲಿ ಜನ ಎಡವುವುದನ್ನು ಕೌಂಟರಿನ ಆಚೆ ಬದಿಯಿಂದ ಬಹಳ ಕಂಡಿದ್ದೇನೆ. ನಾಮಿನಿ ಎಂದರೆ ಮಾಲೀಕನಲ್ಲ. ಬ್ಯಾಂಕು ಒಳಗಿನದ್ದನ್ನು ಸಾಕ್ಷಿಗಳೆದುರು ಪಟ್ಟಿ ಮಾಡಿ ಅವನ ಕೈಗೆ ಕೊಡುತ್ತದೆ, ಹಕ್ಕು ಉಯಿಲಿನಂತೆಯೇ ಹೋಗುತ್ತದೆ. ನಾಮಿನಿ ಒಬ್ಬ, ನಿರ್ವಾಹಕ ಇನ್ನೊಬ್ಬ ಆದರೆ ಜಗಳಕ್ಕೆ ಎಡೆ. ಆದ್ದರಿಂದ ಲಾಕರಿಗೆ ತಂಗಿಯ ಮಗಳನ್ನೇ ನಾಮಿನಿ ಮಾಡಿದೆ. ಉಯಿಲಿನ ಮೂಲಪ್ರತಿಯನ್ನು ಅದೇ ಲಾಕರಿನಲ್ಲಿ ಇಡಲಿಲ್ಲ, ಏಕೆಂದರೆ ಬೇಕಾದಾಗ ಅದು ಬೀಗದೊಳಗೆ ಸಿಕ್ಕಿಕೊಂಡಿರುತ್ತದೆ. ಅದು ವಕೀಲರ ಬಳಿ ಇದೆ. ಇನ್ನು, ಬೆಂಕಿಯಿಂದಲೋ ಕಳವಿನಿಂದಲೋ ಲಾಕರಿನಲ್ಲಿದ್ದದ್ದು ಹೋದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತವೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಹಾಗಾಗಿ ಚಿನ್ನದ ನಾಣ್ಯಗಳಿಗೆ ಬೇರೆ ವಿಮೆ ಮಾಡಿಸಿದೆ, ಅದಕ್ಕೂ ಲೆಡ್ಜರಿನ ಚಿತ್ರಗಳೇ ಆಧಾರವಾದವು.

ಉಯಿಲಿನ ಸಾರಾಂಶವನ್ನು ಮಗ, ಮಗಳು ಇಬ್ಬರಿಗೂ ತಿಳಿಸಿದ್ದೇನೆ. ಮಗಳು ಆಳುಪ ನಾಣ್ಯವನ್ನು ಮಾರಬಾರದೆಂದು ಕೇಳಿದಳು, ಅದನ್ನು ಅವಳ ಪಾಲಿನ ಬಗೆಗೆ ಸೇರಿಸಬೇಕಾಗಿದೆ. ಇಂಥ ತಿದ್ದುಪಡಿಗೂ ಪೂರಕ ಉಯಿಲು ಬರೆದು ಮೊದಲಿನಂತೆಯೇ ಇಬ್ಬರು ಸಾಕ್ಷಿಗಳ ಸಹಿ ಪಡೆಯಬೇಕು, ಮೂಲದ ಮೇಲೆ ಗೀಟು ಹಾಕಿ ಬರೆದರೆ ನಡೆಯುವುದಿಲ್ಲ. ವಕೀಲರು ಅದರ ಕರಡು ಮಾಡುತ್ತಿದ್ದಾರೆ. ನಿರ್ವಾಹಕಿಯಂತೂ ನನ್ನ ಕೈಬರಹ ಓದಲಾಗುವುದಿಲ್ಲವೆಂದು ಲೆಡ್ಜರನ್ನು ಕಂಪ್ಯೂಟರಿಗೆ ಏರಿಸತೊಡಗಿದ್ದಾಳೆ. ತಾಮ್ರದ ಟ್ರೇ ಮುಗಿದಿದೆ, ಚಿನ್ನದ್ದನ್ನು ದೀಪಾವಳಿ ರಜೆಯಲ್ಲಿ ಮಾಡುತ್ತೇನೆಂದು ಹೇಳಿದ್ದಾಳೆ.